ಮುದ್ದೆಮಾಲಾದ ಕೊಡ

ನನ್ನ ಸೋದರತ್ತೆ ಒಬ್ಬ ಗಟ್ಟಿಮುಟ್ಟಾದ ಗಂಡಸಿನ ಹೆಗಲ ಮೂಳೆ ಮುರಿದಾಗ ನಾನು ಇಂಡಿಯ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಮುರಿದದ್ದು ನೀರು ತುಂಬಿದ ಹಿತ್ತಾಳೆ ಕೊಡದಿಂದ. ಸುದ್ದಿ ಕೇಳಿ ನನಗೆ ಮೊದಲು ಬಂದದ್ದು ನಗು. ಸಿಟ್ಟು ಆಮೇಲೆ ಬಂತು, ಅದೂ ಅತ್ತೆಯ ಮೇಲಲ್ಲ, ಅವಳನ್ನು ಆರೋಪಿ ಎಂದು ಬರೆದುಕೊಂಡು ಹೋದವರ ಮೇಲೆ. ನನ್ನ ಸಿಟ್ಟು ಊರಿಗೇ ಗೊತ್ತಿದ್ದದ್ದು, ಬಿಡಿ. ಅರ್ಜಿ ಬರೆಯುವಾಗ ಪೆನ್ನಿನ ನಿಬ್ಬು ಮುರಿಯುವ ವಕೀಲ ಆ ಕೋರ್ಟಿನಲ್ಲಿ ನಾನೊಬ್ಬನೇ ಇದ್ದೆ.

ಅತ್ತೆಯ ಗಂಡನ ಊರು ಝಳಕಿಯ ಹತ್ತಿರದ ಒಂದು ಹಳ್ಳಿ. ತವರು, ಅಂದರೆ ನಮ್ಮ ಮನೆ, ತಾಳಿಕೋಟೆಯ ಕಡೆ. ಆ ಕೊಡವನ್ನು ನಮ್ಮಜ್ಜ ತಾಳಿಕೋಟೆ ಪೇಟೆಯಲ್ಲಿ ಆರಿಸಿ ತಂದು, ಕಂಠದ ಸುತ್ತ ತನ್ನ ಹೆಸರು ಕೊರೆಸಿ, ಮಗಳ ಮದುವೆಯಲ್ಲಿ ಕೊಟ್ಟಿದ್ದ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೆಸರು ಕೊರೆಸದೆ ಪಾತ್ರೆ ಕೊಡುತ್ತಿರಲಿಲ್ಲ. ಅತ್ತೆ ಅದಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗುವುದನ್ನು ನೋಡಿದರೆ ಕೂಸಿಗೆ ಎರೆಯುತ್ತಿದ್ದಾಳೇನೋ ಅನ್ನಿಸುತ್ತಿತ್ತು.

ಅವಳ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಪಕ್ಕದ ಮನೆಯಾಕೆಯ ಜೊತೆ ಅತ್ತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಕೇಳಿ ನೀವು ನಗಬಾರದು. ಯಾರೋ ಬಸುರಿಯ ಕುಬಸದ ಊಟದಲ್ಲಿ ಆಕೆ, ಅತ್ತೆ ಮಾಡಿದ ಹೋಳಿಗೆಯಲ್ಲಿ ಹೂರಣ ಕಡಿಮೆ ಎಂದುಬಿಟ್ಟಿದ್ದಳು. ಮಾತು ಬಿಟ್ಟವರು ಪೂರ್ತಿ ಸುಮ್ಮನಿರುತ್ತಾರೆ ಎಂದು ತಿಳಿಯಬೇಡಿ. ಅದಕ್ಕೂ ಒಂದು ರಿವಾಜು ಇತ್ತು. ನೇರವಾಗಿ ಆಡುವಂತಿಲ್ಲ, ನಡುವೆ ಇನ್ನೊಂದು ಜೀವ ಇಟ್ಟುಕೊಂಡು ಎಷ್ಟು ಬೇಕಾದರೂ ಆಡಬಹುದು. ಅತ್ತೆ ಇಟ್ಟುಕೊಂಡದ್ದು ತನ್ನ ಎಮ್ಮೆಯನ್ನು.

“ಕೇಳಿದೇನವಾ, ಕೆಲವರ ಕೋಳಿ ನಮ್ಮ ಜ್ವಾಳ ತಿಂದು ತಿಂದು ಕೊಬ್ಬ್ಯಾವ,” ಎಂದು ಎಮ್ಮೆಗೆ ಹೇಳುತ್ತಿದ್ದಳು.

ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ತನ್ನ ಆಕಳಿಗೆ ಉತ್ತರ ಕೊಡುತ್ತಿದ್ದಳು: “ಹೇಳವಾ ಅವರಿಗಿ, ಅಂಗಳದಾಗ ಜ್ವಾಳ ಚೆಲ್ಲಿದ್ರ ಕೋಳಿ ತಿನ್ನದ ಪೂಜಿ ಮಾಡ್ತಾವೇನು ಅಂತ.”

ಎಮ್ಮೆ, ಆಕಳು ಎರಡೂ ಮೆಲುಕು ಹಾಕುತ್ತ ಕೇಳಿಸಿಕೊಳ್ಳುತ್ತಿದ್ದವು.

ಈ ಪಕ್ಕದ ಮನೆಯಾಕೆಗೂ ಆಕೆಯ ಮೈದುನನಿಗೂ ಹೊಲದ ಬದುವಿನ ವ್ಯಾಜ್ಯ. ಬೆಳೆದು ನಿಂತ ಜೋಳದಲ್ಲಿ ಅವನು ಬಂಡಿ ಹೊಡೆದದ್ದಕ್ಕೆ ಈಕೆ ನಾಲ್ಕು ಮಂದಿಯ ಎದುರು ಉಗಿದಿದ್ದಳು. ಒಂದು ಮಧ್ಯಾಹ್ನ ಬಾವಿಯ ಹತ್ತಿರ ಬೇರೆ ಯಾರೂ ಇಲ್ಲದಾಗ ಅವನು ಕುಡಗೋಲು ಹಿಡಿದು ಬಂದ. ಆಕೆಯ ತುರುಬು ಹಿಡಿದು ಬಾವಿಕಟ್ಟೆಗೆ ಒತ್ತಿ, ಕುಡಗೋಲಿನ ಕೈ ಎತ್ತಿದ. ತುಂಬಿದ ಕೊಡ ಹೊತ್ತು ಬಾವಿಯ ಮೆಟ್ಟಿಲು ಹತ್ತಿ ಬರುತ್ತಿದ್ದ ಅತ್ತೆ ಅದನ್ನು ಕಂಡಳು. ಕೂಗಲಿಲ್ಲ, ಮಾತು ಬಿಟ್ಟಿದ್ದಳಲ್ಲ! ಹಿಂದಿನಿಂದ ಹೋಗಿ ಕೊಡವನ್ನು ಅವನ ಹೆಗಲ ಮೇಲೆ ಎತ್ತಿ ಹಾಕಿದಳು. ಮೂಳೆ ಮುರಿಯಿತು, ಕುಡಗೋಲು ಬಿತ್ತು, ಕೊಡ ನೆಗ್ಗಿತು. ನೆಗ್ಗಿದ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಅಲ್ಲೇ ಕೂತು ಅತ್ತಳಂತೆ.

ಮೈದುನ ದೂರು ಕೊಟ್ಟ. ತಾನು ಬರಿಗೈಯಲ್ಲಿ ನೀರು ಕುಡಿಯಲು ಹೋಗಿದ್ದೆ, ಹಳೆಯ ಹಗೆಯಿಂದ ಹೊಡೆದಳು ಎಂದು. ಪೊಲೀಸರು ಕೊಡವನ್ನು ಮುದ್ದೆಮಾಲು ಮಾಡಿದರು, ಅಂದರೆ ಕೇಸಿನ ಜಪ್ತಿ ವಸ್ತು. ಗೋಣಿಚೀಲದಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಒಯ್ದರು. ಮೂಳೆ ಮುರಿದದ್ದರಿಂದ ಕೇಸು ಸಣ್ಣದಾಗಿರಲಿಲ್ಲ. ಸಾಬೀತಾದರೆ ಅತ್ತೆ ಜೈಲಿಗೆ ಹೋಗಬೇಕಿತ್ತು.

ಜಾಮೀನಿನ ಮೇಲೆ ಬಂದ ಅತ್ತೆಯನ್ನು ನಮ್ಮ ಆಫೀಸಿಗೆ ಕರೆತಂದೆ. ನಾನು ಕೂರುತ್ತಿದ್ದದ್ದು ಒಬ್ಬ ಹಿರಿಯ ವಕೀಲರ ಆಫೀಸಿನಲ್ಲಿ. ಅವರು ಎಲೆ ಅಡಿಕೆ ಮಡಚುತ್ತ ದಾರಿ ತೋರಿಸಿದರು.

“ಅಕ್ಕಾರ, ನೀವು ಹೇಳೂದು ಇಷ್ಟ. ನಾ ಹೊಡದಿಲ್ಲ. ಬಾವೀಗೇ ಹೋಗಿಲ್ಲ. ಕೊಡ ನಂದಲ್ಲ.”

ಆಗಿನ ತಾಲ್ಲೂಕು ಕೋರ್ಟುಗಳ ಪದ್ಧತಿ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿಗೆ ಹೋದರೂ ಆರೋಪಿಯ ಬಾಯಲ್ಲಿ ಒಂದೇ ಮಾತು: ನಾನು ಅಲ್ಲಿ ಇರಲೇ ಇಲ್ಲ. ಕಾಗದದ ಪ್ರಕಾರ ಈ ನಾಲ್ಕು ತಾಲ್ಲೂಕುಗಳ ಬಡಿದಾಟಗಳಲ್ಲಿ ಯಾರೂ ಸ್ಥಳದಲ್ಲಿ ಇರಲಿಲ್ಲ, ಬಡಿಗೆಗಳೇ ಎದ್ದು ತಮ್ಮತಮ್ಮಲ್ಲಿ ಬಡಿದಾಡಿಕೊಂಡಿದ್ದವು.

ನಾನು ಮೇಜು ಗುದ್ದಿದೆ. ಕಾನೂನಿನಲ್ಲಿ ಇನ್ನೊಂದು ದಾರಿ ಹಗಲಿನಷ್ಟು ಸ್ಪಷ್ಟವಾಗಿತ್ತು. ತನ್ನ ಮೈಯನ್ನು ಮಾತ್ರವಲ್ಲ, ಇನ್ನೊಬ್ಬರ ಮೈಯನ್ನು ಕಾಪಾಡಲೂ ಬೇಕಾದಷ್ಟೇ ಬಲ ಬಳಸುವ ಹಕ್ಕು ಎಲ್ಲರಿಗೂ ಇದೆ. ಆ ಇನ್ನೊಬ್ಬರು ನೆಂಟರೋ ಗೆಳೆಯರೋ ಆಗಿರಬೇಕಿಲ್ಲ, ಮಾತು ಬಿಟ್ಟವರೂ ಆಗಬಹುದು. ಹಿರಿಯರು ತಲೆ ಆಡಿಸಿದರು.

“ಗೊತ್ತೈತೋ ತಮ್ಮಾ. ಆದ್ರ ಅದನ್ನ ಹೇಳಬೇಕಂದ್ರ ಹೊಡದದ್ದು ಹೌದು ಅನ್ನಬೇಕು. ಕಾರಣ ನಂಬಲಿಲ್ಲ ಅಂದ್ರ ‘ಹೌದು’ ಒಂದ ಉಳೀತೈತಿ. ನಿಮ್ಮತ್ತೀನ ಜೈಲಿಗಿ ಕಳಸ್ತೀ ಏನು?”

ಅದಕ್ಕೆ ಉತ್ತರ ಕೊಟ್ಟದ್ದು ಅತ್ತೆ.

“ಕೊಡ ನಂದಲ್ಲ ಅನ್ಲೇನ್ರಿ? ಅಪ್ಪನ ಹೆಸರು ಐತಿ ಅದರ ಮ್ಯಾಲ. ಅಪ್ಪ ನಮ್ಮಪ್ಪಲ್ಲ ಅಂತನೂ ಹೇಳ್ಲೇನು? ಕೊಡ ನಂದ. ಹೊಡದಾಕಿನೂ ನಾನ. ಯಾಕ ಹೊಡದ್ನಿ ಅನ್ನೂದನ್ನ ಹೇಳಾಕ ಬಿಡ್ರಿ, ಸಾಕು.”

ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಹಿರಿಯರು ಎಲೆಯನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

ವಿಚಾರಣೆಯಲ್ಲಿ ಮೈದುನನ ಕಡೆಯ ಸಾಕ್ಷಿಗಳೆಲ್ಲ ಮುಗಿದ ಮೇಲೆ ಆರೋಪಿಯನ್ನು ನ್ಯಾಯಾಧೀಶರೇ ಪ್ರಶ್ನೆ ಕೇಳುವ ದಿನ ಬಂತು. ನ್ಯಾಯಾಧೀಶರು ಮೈಸೂರು ಕಡೆಯವರು, ಹೊಸದಾಗಿ ಬಂದಿದ್ದರು. ಅವರು ಪ್ರಶ್ನೆ ಓದುತ್ತಿದ್ದಂತೆ ಪಕ್ಕದಲ್ಲಿದ್ದ ಗುಮಾಸ್ತ, ಅತ್ತೆ ಬಾಯಿ ತೆರೆಯುವ ಮೊದಲೇ ಉತ್ತರದ ಜಾಗದಲ್ಲಿ ‘ಸುಳ್ಳು’ ಎಂದು ಬರೆದು ಮುಂದಿನ ಪ್ರಶ್ನೆಗೆ ಕಾಯತೊಡಗಿದ. ಪಾಪ, ಅವನ ತಪ್ಪಲ್ಲ. ಅವನ ಸರ್ವಿಸಿನಲ್ಲಿ ಬೇರೆ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲ.

ಅತ್ತೆ ಕಟಕಟೆಯಿಂದ ಬಗ್ಗಿ ನೋಡಿದಳು. ತಕ್ಕಮಟ್ಟಿಗೆ ಓದು ಬರುತ್ತಿತ್ತು ಅವಳಿಗೆ.

“ಏ ತಮ್ಮಾ, ನಾ ಇನ್ನೂ ಹೇಳೇ ಇಲ್ಲ, ಸುಳ್ಳ ಅಂತ ಯಾಕ ಬರದಿ? ಅಳಸು ಅದನ್ನ.”

ಕೋರ್ಟು ನಕ್ಕಿತು. ನ್ಯಾಯಾಧೀಶರು ನಗದೆ ಗುಮಾಸ್ತನ ಕಡೆ ನೋಡಿ, “ಹೊಡೆದುಹಾಕಿ ಅದನ್ನ. ಅವರು ಹೇಳಿದ್ದನ್ನ ಬರೀರಿ. ಹೇಳಿಯಮ್ಮ,” ಎಂದರು. ಅತ್ತೆ ಹೇಳಿದಳು. ತುರುಬು, ಬಾವಿಕಟ್ಟೆ, ಎತ್ತಿದ ಕುಡಗೋಲು, ಎಲ್ಲ. ಮತ್ತೆ ಮತ್ತೆ ಹೊಡೆದಿರೇನು ಎಂದು ಅವರು ಕೇಳಿದರು.

“ಇಲ್ರಿ ಸಾಹೇಬ್ರ. ಕುಡಗೋಲು ಕೆಳಗ ಬಿತ್ತಲ್ರಿ, ಆಮ್ಯಾಲ ಯಾಕ ಹೊಡೀಲಿ? ಇನ್ನೊಮ್ಮಿ ಹೊಡದಿದ್ರ ಕೊಡ ಪೂರಾ ಹೋಗ್ತಿತ್ತು.”

ಬೇಕಾದಷ್ಟೇ ಬಲ ಎಂದು ನಾನು ಪುಟಗಟ್ಟಲೆ ವಾದಿಸಬೇಕೆಂದಿದ್ದದ್ದನ್ನು ಅವಳು ಕೊಡದ ಲೆಕ್ಕದಲ್ಲಿ ಮುಗಿಸಿದ್ದಳು. ನಿಮ್ಮ ಪರವಾಗಿ ಸಾಕ್ಷಿ ಯಾರಾದರೂ ಇದ್ದಾರೆಯೇ ಎಂಬ ಕೊನೆಯ ಪ್ರಶ್ನೆ ಬಂತು.

“ಅದಾಳ್ರಿ. ಆದ್ರ ಹೆಸರು ನನ್ನ ಬಾಯಾಗ ಬರೂದಿಲ್ರಿ, ಮಾತು ಬಿಟ್ಟೇವಿ.”

ಹೆಸರನ್ನು ನಾನು ಹೇಳಿದೆ. ಸರ್ಕಾರಿ ವಕೀಲರು ಥಟ್ಟನೆ ಎದ್ದು, ಇಬ್ಬರೂ ಹಗೆಗಳು, ಹಗೆಯನ್ನು ಕಾಪಾಡಿದೆ ಅನ್ನುವುದೇ ಕಟ್ಟುಕತೆ, ಕೋರ್ಟಿನ ಹೊತ್ತು ಹಾಳು ಎಂದರು. ನ್ಯಾಯಾಧೀಶರು ಕನ್ನಡಕ ತೆಗೆದರು.

“ತನ್ನ ಕಾರಣ ಹೇಳೋದು, ಅದಕ್ಕೆ ಸಾಕ್ಷಿ ಕೊಡೋದು ಆಕೆಯ ಹಕ್ಕು. ನಂಬೋದು ಬಿಡೋದು ಆಮೇಲಿನ ಮಾತು. ಸೋಮವಾರ ಕರೆತನ್ನಿ.”

ಕರೆತರುವುದು ಹೇಗೆ? ಆಕೆ ಇರುವುದು ಮೈದುನನ ಮನೆತನದಲ್ಲಿ. ಅವನ ವಿರುದ್ಧ ಬಾಯಿ ಬಿಡಬಾರದೆಂದು ಗಂಡನೇ ಹೇಳಿದ್ದನಂತೆ. ಭಾನುವಾರ ನಾನು ಹಳ್ಳಿಗೆ ಹೋಗಿ ಪಕ್ಕದ ಮನೆಯ ಬಾಗಿಲಿಗೆ ಹೊರಟೆ. ಅತ್ತೆ ನನ್ನ ಅಂಗಿ ಹಿಡಿದು ಎಳೆದಳು.

“ಜೀವ ಉಳಿಸೇನಿ, ಸಾಕ್ಷಿ ಹೇಳವಾ ಅಂತ ಆಕಿ ಬಾಗಲಾಗ ನಿಂದ್ರತೀ ಏನು? ನಿಂದ್ರಬ್ಯಾಡ.”

“ಮತ್ತ ಜೈಲಿಗಿ ಹೋಗ್ತೀ ಏನು, ಅತ್ತಿ?” ನಾನು ನಿಜವಾಗಿಯೂ ಸಿಟ್ಟಿಗೆದ್ದಿದ್ದೆ. ಹೆದರಿಕೆಯೂ ಆಗಿತ್ತು.

ಅವಳು ಗೋಡೆಯ ಹತ್ತಿರ ಹೋಗಿ ಎಮ್ಮೆಯ ಮೈ ಸವರಿದಳು. “ನಾಳೆ ಇಂಡಿ ಕೋರ್ಟಿನ್ಯಾಗ ನನ್ನ ಕೇಸ್ ಐತೆವಾ. ಮುಂಜಾನಿ ಬಸ್ಸಿಗಿ ಹೋಗ್ತೇನಿ. ಬರವರು ಬಂದಾರು, ಬಿಡವರು ಬಿಟ್ಟಾರು.” ಗೋಡೆಯಾಚೆ ಪಟಪಟನೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ಆಕಳಿಗೆ ಯಾರೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

ಮರುದಿನದ ಬಸ್ಸಿನಲ್ಲಿ ಆಕೆ ಇರಲಿಲ್ಲ. ಕೋರ್ಟಿನಲ್ಲಿ ನಮ್ಮ ಕೇಸು ಕೂಗಿದಾಗಲೂ ಇರಲಿಲ್ಲ. ನಾನು ಇನ್ನಷ್ಟು ಹೊತ್ತು ಬೇಡಲು ಎದ್ದು ನಿಂತೆ. ಆಗ ಬಾಗಿಲಲ್ಲಿ ಧೂಳು ತುಂಬಿದ ಕಾಲಿನ ಒಬ್ಬ ಹೆಂಗಸು, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಬಸ್ಸಿಗೆ ಬಂದರೆ ಗಂಡ ತಡೆಯುತ್ತಾನೆಂದು ಹೊಲದ ದಾರಿ ಹಿಡಿದು, ಯಾರದೋ ಬಂಡಿ ಹತ್ತಿ ಬಂದಿದ್ದಳು.

ಸಾಕ್ಷಿಯ ಕಟಕಟೆಯಲ್ಲಿ ನಿಂತು ಗಂಟು ಬಿಚ್ಚಿದಳು. ಒಳಗೆ ಆ ದಿನ ಬಾವಿಯ ಹತ್ತಿರ ಬಿದ್ದ ಕುಡಗೋಲು. ಇಷ್ಟು ದಿನ ಏಕೆ ಕೊಡಲಿಲ್ಲ ಎಂದು ಸರ್ಕಾರಿ ವಕೀಲರು ಗದರಿದರು. “ಯಾರು ಕೇಳಿದ್ರಿ? ಪೊಲೀಸ್ರು ಕೊಡ ಒಂದ ಕೇಳಿದ್ರು,” ಎಂದಳು. ಬಾವಿಕಟ್ಟೆಯಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಮೈದುನ ಎದುರಿಗೇ ಕೂತಿದ್ದ.

“ಈಕೆ ನಿಮ್ಮ ಹಗೆ ಹೌದೋ ಅಲ್ಲೋ?” ಎಂದರು ಸರ್ಕಾರಿ ವಕೀಲರು.

“ಹೌದ್ರಿ. ಮಾತಾಡೂದಿಲ್ಲ.” ಆಮೇಲೆ ಆಕೆ ನ್ಯಾಯಾಧೀಶರ ಕಡೆ ತಿರುಗಿದಳು. “ಸಾಹೇಬ್ರ, ಆಕಿಗಿ ಒಂದು ಹೇಳ್ರಿ. ಆ ದಿನ ಕೊಡದ ನೀರೆಲ್ಲ ಚೆಲ್ಲಿ ನನ್ನ ಹೊಸ ಸೀರಿ ತೊಯ್ದು ತೊಪ್ಪಿ ಆತು ಅಂತ.”

ಅತ್ತೆ ತನ್ನ ಕಟಕಟೆಯಿಂದಲೇ, “ಆಕಿಗಿ ಹೇಳ್ರಿ ಸಾಹೇಬ್ರ, ಸೀರಿ ಒಣಗತೈತಿ, ರುಂಡ ಹೋಗಿದ್ರ ಬರ್ತಿರಲಿಲ್ಲ ಅಂತ.”

“ಹೇಳ್ರಿ ಆಕಿಗಿ, ಅದು ನನಗೂ ಗೊತ್ತೈತಿ, ಅದಕ್ಕ ಬಂದೇನಿ ಅಂತ.”

ನ್ಯಾಯಾಧೀಶರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು. “ಇಬ್ಬರಿಗೂ ಕಿವಿ ಚೆನ್ನಾಗಿದೆಯಲ್ಲಮ್ಮ, ನಾನ್ಯಾಕೆ ಮಧ್ಯದಲ್ಲಿ?” ಎಂದರು. ಅವರನ್ನು ಎಮ್ಮೆಯ ಜಾಗದಲ್ಲಿ ಕೂರಿಸಲಾಗಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ನಗು ತಡೆಯಲಾರದೆ ಫೈಲಿನಲ್ಲಿ ಮುಖ ಮುಚ್ಚಿಕೊಂಡೆ. ಹಿರಿಯ ವಕೀಲರು ನಗುತ್ತಿದ್ದರೋ ಅಳುತ್ತಿದ್ದರೋ, ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ತೀರ್ಪಿನ ದಿನ ನ್ಯಾಯಾಧೀಶರು ಹೆಚ್ಚು ಓದಲಿಲ್ಲ. ಆರೋಪಿ ಹೊಡೆದದ್ದು ನಿಜ, ಇನ್ನೊಬ್ಬಳ ಪ್ರಾಣ ಉಳಿಸಲು ಬೇಕಾದಷ್ಟೇ ಹೊಡೆದಿದ್ದಾಳೆ, ಅದು ಅಪರಾಧವಲ್ಲ. ಬಿಡುಗಡೆ. ಮುದ್ದೆಮಾಲು ಅವಳಿಗೇ ಕೊಡತಕ್ಕದ್ದು. ಅತ್ತೆಗೆ ಬಿಡುಗಡೆಗಿಂತ ಆ ಕೊನೆಯ ಮಾತೇ ಚೆನ್ನಾಗಿ ಕೇಳಿಸಿತು.

ಪಕ್ಕದ ಮನೆಯಾಕೆಯೂ ಆ ದಿನ ಬಂದಿದ್ದಳು. ದೂರದಲ್ಲಿ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದಳು. ಗೋಣಿಚೀಲ ಬಿಚ್ಚಿ ಕೊಡ ಹೊರತೆಗೆದಾಗ ಅತ್ತೆ ಸೆರಗಿನಿಂದ ಅಜ್ಜನ ಹೆಸರನ್ನು ಒರೆಸಿದಳು. ಹೊಟ್ಟೆಯ ಭಾಗ ಬೊಗಸೆಯಷ್ಟು ಒಳಗೆ ಹೋಗಿತ್ತು. ಅವಳ ಮುಖ ಸಣ್ಣಗಾದದ್ದು ಕಂಡು ನಾನು, “ಚಿಂತಿ ಮಾಡಬ್ಯಾಡ ಅತ್ತಿ, ಪೇಟ್ಯಾಗ ತಟ್ಟಿಸಿ ಸರಿ ಮಾಡಸ್ತೇನಿ,” ಎಂದೆ.

“ತಟ್ಟಿಸಬ್ಯಾಡ ಯಕ್ಕಾ.”

ಮರದ ಕಡೆಯಿಂದ ಬಂದ ಮಾತು. ನಡುವೆ ಆಕಳಿಲ್ಲ, ಎಮ್ಮೆ ಇಲ್ಲ, ಸಾಹೇಬರಿಲ್ಲ. ಆಕೆ ಹತ್ತಿರ ಬಂದು ಆ ನೆಗ್ಗಿನಲ್ಲಿ ಅಂಗೈ ಇಟ್ಟಳು.

“ಇದು ನಂದು. ಇರಲಿ ಬಿಡು.”

ಅತ್ತೆ ರೂಢಿಯಂತೆ ನನ್ನ ಕಡೆ ತಿರುಗಿ “ಹೇಳ ಆಕಿಗಿ” ಎಂದು ಶುರು ಮಾಡಿದವಳು ಅಲ್ಲೇ ನಿಲ್ಲಿಸಿದಳು. ಆಕೆಯ ಮುಖ ನೋಡಿದಳು. “ನಿಂದ ಅಂದಮ್ಯಾಲ ನೀನ ಹೊತ್ಕೊಂಡು ನಡಿ ಮತ್ತ,” ಎಂದು ಕೊಡವನ್ನು ಆಕೆಯ ಕಂಕುಳಿಗೆ ಕೊಟ್ಟಳು.

ಅವರನ್ನು ಊರಿಗೆ ಮುಟ್ಟಿಸಲು ನಾನೂ ಬಸ್ಸು ಹತ್ತಿದೆ. ಕೊಡ ಇಬ್ಬರ ನಡುವಿನ ಸೀಟಿನಲ್ಲಿ ಕೂತಿತ್ತು. ಝಳಕಿ ಬರುವಷ್ಟರಲ್ಲಿ ಹೂರಣದ ಜಗಳ ಮತ್ತೆ ಹತ್ತಿತ್ತು. ಇಡೀ ಬಸ್ಸಿಗೆ ಕೇಳುವ ಹಾಗೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಜಗಳವಾಡುತ್ತಿದ್ದರು.