ಬೋಂಡ ಫ್ರಾಂಕ್‌ಫರ್ಟ್, ಕೇಸರಿಬಾತು ವಿಯೆನ್ನಾ

ಎಂಬತ್ತರ ದಶಕದ ಮೊದಲ ವರ್ಷಗಳು. ನಾವಾಗ ಆರ್.ಟಿ. ನಗರದಲ್ಲಿ ಬಾಡಿಗೆಗಿದ್ದೆವು. ನನ್ನನ್ನು ನೋಡಲು ಬಂದ ಗಂಡುಗಳಲ್ಲಿ ಉಳಿದವರ ಮುಖ ಮರೆತೇಹೋಗಿದೆ. ಒಬ್ಬನದು ಮಾತ್ರ ಇವತ್ತಿಗೂ ಮರೆತಿಲ್ಲ.

ಇಂಜಿನಿಯರು. ಕಂಪನಿಯವರು ತರಬೇತಿಗೆಂದು ಜರ್ಮನಿಗೆ ಕಳಿಸಿದ್ದರಂತೆ. ಸಂಬಂಧ ತಂದ ಸೋದರಮಾವ, "ಫಾರಿನ್ನಿಗೆ ಹೋಗಿ ಬಂದವ್ನು ಕಣೇ, ಸುಮ್ನೆ ಅಲ್ಲ" ಎಂದು ಅಮ್ಮನ ತಲೆ ತುಂಬಿಸಿದ್ದ. ಅಮ್ಮ ರೇಷನ್ ಸಕ್ಕರೆಯನ್ನೆಲ್ಲ ಸುರಿದು ಕೇಸರಿಬಾತು ಮಾಡಿದಳು, ಜೊತೆಗೆ ಬೋಂಡ.

ಸೋದರಮಾವ ಗಂಡನ್ನೂ ಅವನ ತಾಯಿಯನ್ನೂ ಕರೆದುಕೊಂಡು ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಯಲಹಂಕದ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪ ಅರ್ಧ ದಿನ ರಜೆ ಹಾಕಿ ಹೊರಟಿದ್ದರೂ ಇನ್ನೂ ಮನೆ ಸೇರಿರಲಿಲ್ಲ. ನಾನು ತಟ್ಟೆಗಳನ್ನಿಟ್ಟು ಎದುರಿಗೆ ಕೂತೆ.

ಅವನು ನನ್ನ ಹೆಸರನ್ನೂ ಕೇಳಲಿಲ್ಲ. "ಫ್ರಾಂಕ್‌ಫರ್ಟಿಂದ ವಿಯೆನ್ನಾಗೆ ಫ್ಲೈಟಲ್ಲಿ ಎಷ್ಟೊತ್ತು, ಗೊತ್ತಾ ನಿಮ್ಗೆ?" ಎಂದ.

"ಗೊತ್ತಿಲ್ಲ."

"ದೂರ ಆದ್ರೂ ಗೊತ್ತಾ?"

ಅದೂ ಗೊತ್ತಿಲ್ಲವೆಂದೆ. ಅವನ ತಾಯಿ ಸೆರಗು ಅಡ್ಡ ಹಿಡಿದು ನಕ್ಕರು. ಅಷ್ಟು ಸಾಕಾಯಿತು, ಅವನು ಪಾಠಕ್ಕೇ ಇಳಿದ. ತಟ್ಟೆಯ ಈ ಅಂಚಿಗೆ ಬೋಂಡ ಇಟ್ಟು "ಇದು ಫ್ರಾಂಕ್‌ಫರ್ಟ್" ಎಂದ. ಕೇಸರಿಬಾತನ್ನು ಆ ಅಂಚಿಗೆ ಒತ್ತಿ "ಇದು ವಿಯೆನ್ನಾ" ಎಂದ. ನಡುವೆ ಚಟ್ನಿಯಲ್ಲಿ ಬೆರಳು ಎಳೆದ. ಅದು ಡ್ಯಾನ್ಯೂಬ್ ನದಿಯಂತೆ. "ಆರ್ನೂರು ಕಿಲೋಮೀಟರ್. ಒಂದ್ಗಂಟೆ, ಒಂದೂಕಾಲ್ ಗಂಟೆ, ಅಷ್ಟೇ!" ಆ ಬೆರಳನ್ನು ಬುಡದವರೆಗೂ ನೆಕ್ಕಿ, ಅದನ್ನೇ ವಿಮಾನ ಮಾಡಿ, ಬಾಯಲ್ಲಿ ಬುರ್‍ರೆಂದು ಸದ್ದು ಮಾಡುತ್ತ ತಟ್ಟೆಯ ಮೇಲೆ ಹಾರಿಸಿದ. ಬಾಯಲ್ಲಿದ್ದ ಬೋಂಡದ ಚೂರು ಎಂಜಲಿನ ಜೊತೆ ಸಿಡಿದು ನನ್ನ ಸೀರೆಯ ಮೇಲೆ ಬಿತ್ತು. ವಿಮಾನ ಹೋಗಿ ಕೇಸರಿಬಾತಿನೊಳಗೆ ಇಳಿಯಿತು.

ಅಷ್ಟರಲ್ಲಿ ಅಪ್ಪ ಬಂದರು. ಬಸ್ಸು ಹೆಬ್ಬಾಳದ ಕೆರೆ ಏರಿಯ ಹತ್ತಿರ ಕೆಟ್ಟು ನಿಂತು, ಬಿಸಿಲಲ್ಲಿ ನಡೆದೇ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ತಡವಾಯಿತೆಂದು ಕೈ ಮುಗಿದರು.

ಅವನು ಕೂತಲ್ಲಿಂದಲೇ, "ಏನ್ ಸಾರ್, ನೀವು ಯಲಹಂಕದಿಂದ ಬರೋಷ್ಟ್ರಲ್ಲಿ ನಾನು ವಿಯೆನ್ನಾಗೆ ಹೋಗಿ ಕಾಫಿನೂ ಕುಡೀತಿದ್ದೆ" ಎಂದ.

ಅವನ ತಾಯಿ ನಕ್ಕರು, ಸೋದರಮಾವ ತೊಡೆ ತಟ್ಟಿಕೊಂಡು ನಕ್ಕ. ಅಪ್ಪನೂ ನಕ್ಕರು, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ. ಅದನ್ನು ನೋಡಲಾಗದೆ ನಾನು ನೀರು ತರುವ ನೆಪದಲ್ಲಿ ಎದ್ದುಹೋದೆ.

ಅವರು ಹೋದ ಮೇಲೆ ತಟ್ಟೆ ಎತ್ತಬೇಕಾದವಳು ನಾನೇ. ಅವನು ಏನನ್ನೂ ಪೂರ್ತಿ ತಿಂದಿರಲಿಲ್ಲ. ಎಲ್ಲವನ್ನೂ ಕಲಸಿಟ್ಟು ಹೋಗಿದ್ದ. ಬಚ್ಚಲಲ್ಲಿ ಎರಡು ಸಲ ಕೈ ತೊಳೆದರೂ ಹೇಸಿಗೆ ಹೋಗಲಿಲ್ಲ.

ಹುಡುಗಿ ಒಪ್ಪಿಗೆಯೆಂದು ಅವರು ಹೇಳಿಕಳಿಸಿದರು. ನಾನು ಬೇಡವೆಂದೆ.

"ಏನೇ ಕಮ್ಮಿಯಾಗಿದೆ ಅವ್ನಿಗೆ?" ಎಂದಳು ಅಮ್ಮ.

"ಅವನ ಬೆರಳು ನೆನೆಸ್ಕೊಂಡ್ರೆ ವಾಕರಿಕೆ ಬರುತ್ತೆ."

"ಬೆರಳು ನೋಡಿ ಯಾರಾದ್ರೂ ಗಂಡು ಬೇಡ ಅಂತಾರೇನೆ?"

ಅಪ್ಪ ಪೇಪರ್ ಮಡಚುತ್ತ, "ಹುಡುಗ ಕೆಟ್ಟವನಲ್ಲಮ್ಮ. ತಮಾಷೆ ಮಾಡ್ದ ಅಷ್ಟೆ" ಎಂದರು. ಅವನಿಗಿಂತ ಆ ಮಾತೇ ನನಗೆ ಹೆಚ್ಚು ಅಸಹ್ಯವಾಯಿತು.

"ಅಪ್ಪ, ನಿಮ್ಗೆ ನಿಜವಾಗ್ಲೂ ನಗು ಬಂದಿತ್ತಾ?"

ಅಪ್ಪ ಮಡಚಿದ ಪೇಪರನ್ನು ಬಿಚ್ಚಿ, ಮತ್ತೆ ಮಡಚಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಬೇಡ ಅಂತ ಹೇಳಿ ಕಳ್ಸು" ಎಂದರು.

ಸೋದರಮಾವ ಬಹಳ ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಆ ಗಂಡಿಗೆ ಮಲ್ಲೇಶ್ವರದ ಹುಡುಗಿ ನಿಶ್ಚಯವಾದಳೆಂಬ ಸುದ್ದಿ ಬಂದಾಗ ಅಮ್ಮ ಒಳಗೆ ಹೋಗಿ ಪಾತ್ರೆ ಕುಕ್ಕಿದಳು. ನನಗೆ ಆ ಹುಡುಗಿಯನ್ನು ನೆನೆದು ಅಯ್ಯೋ ಅನ್ನಿಸಿತು.