ಕುದುರೆ ಮನೆಗೆ ಬಂದ ಕಾಲಾಳು

ಆಗಿನ್ನೂ ನಮ್ಮ ಬಿಂಡಿಗನವಿಲೆಯಲ್ಲಿ ಮಕ್ಕಳ ಕೈಗೆ ಮೊಬೈಲು ಸಿಕ್ಕಿರಲಿಲ್ಲ. ರಜೆ ಬಂತೆಂದರೆ ಗಂಡುಹುಡುಗರಿಗೆ ಗೋಲಿ, ಬುಗುರಿ. ನಮ್ಮ ಓರಗೆಯ ಹುಡುಗಿಯರಿಗೆ ಕುಂಟೆಬಿಲ್ಲೆ. ನಾನು ಮಾತ್ರ ಬೆಳಿಗ್ಗೆ ರೊಟ್ಟಿ ತಿಂದವಳೇ ತಾತನ ಬಡಗಿ ಕೊಟ್ಟಿಗೆಗೆ ಓಡುತ್ತಿದ್ದೆ. ಹಸಿ ಮರದ ಸಿಪ್ಪೆಯ ವಾಸನೆ, ಬೆಲ್ಲದ ಕಾಫಿ, ಹುರಿದ ಹುರುಳಿಕಾಳು, ನಡುವೆ ಚದುರಂಗದ ಹಲಗೆ. ಬಿಳಿ ಕಾಯಿಗಳನ್ನು ತಾತ ಹಾಲೆಮರದಲ್ಲಿ ಕೆತ್ತಿದ್ದ, ಕಪ್ಪು ಕಾಯಿಗಳನ್ನು ಜಾಲಿಯ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ.

ತಾತನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನೇಗಿಲು ರಿಪೇರಿಗೆ ಬಂದವರು ಸ್ವಲ್ಪ ಅವಸರ ಮಾಡಿದರೂ ಬೈದು ಕಳಿಸುತ್ತಿದ್ದ. ಅದೇ ಮನುಷ್ಯ ಹಲಗೆ ಮುಂದೆ ಕೂತರೆ ತಣ್ಣಗಾಗಿಬಿಡುತ್ತಿದ್ದ. ನಾನೋ, ಅವನ ಸಿಟ್ಟಿಗೆ ಹುಟ್ಟಿದ ಮೊಮ್ಮಗಳು. ಕಾಯಿ ಮುಟ್ಟಿದ ಮೇಲೆ ಯೋಚನೆ ಮಾಡುವವಳು. ನನ್ನ ಕೈ ಮುಂದೆ ಹೋದಾಗಲೆಲ್ಲ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಅಷ್ಟೇ. ಮೂರು ವರ್ಷ ಹಾಗೆ ಕೆಮ್ಮಿ ಕೆಮ್ಮಿಯೇ ನನಗೆ ತಾಳ್ಮೆ ಕಲಿಸಿದ.

ಅವನ ಆಟಕ್ಕೆ ಅವನ ಅಪ್ಪನ ಕಾಲದ ನಿಯಮಗಳು. ಕಾಲಾಳು ಯಾವಾಗಲೂ ಒಂದೇ ಮನೆ ನಡೆಯಬೇಕು. ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕಾಲಾಳು ಆಚೆ ತುದಿ ಮುಟ್ಟಿದರೆ ಯಾರ ಮನೆಗೆ ಬಂತೋ ಅವರೇ ಆಗಬೇಕು. ಆನೆ ಮನೆಗೆ ಬಂದರೆ ಆನೆ, ಒಂಟೆ ಮನೆಗೆ ಬಂದರೆ ಒಂಟೆ. ಲೋಕದ ತುಂಬಾ ಹೀಗೇ ಆಡುತ್ತಾರೆಂದು ನಾನು ನಂಬಿದ್ದೆ.

ಏಳನೇ ಕ್ಲಾಸಿನಲ್ಲಿದ್ದಾಗ ನಾಗಮಂಗಲದಲ್ಲಿ ತಾಲ್ಲೂಕು ಮಟ್ಟದ ಪಂದ್ಯ ನಡೆಯಿತು. ಗೆದ್ದ ಒಬ್ಬರಿಗೆ ಮಂಡ್ಯಕ್ಕೆ ಹೋಗುವ ಅವಕಾಶ. ನಮ್ಮ ಸ್ಕೂಲಿನಿಂದ ಅದುವರೆಗೆ ಯಾರೂ ಹೋಗಿರಲಿಲ್ಲ. ಮಂಡ್ಯ ನೋಡಲೇಬೇಕೆಂದು ನಾನು ಹಟ ಹಿಡಿದು, ತಾತನನ್ನು ಹೊರಡಿಸಿಕೊಂಡು ಮೊದಲ ಬಸ್ಸು ಹತ್ತಿದೆ.

ಮೊದಲ ಆಟದಲ್ಲೇ ಮರ್ಯಾದೆ ಹೋಯಿತು. ನನ್ನ ರಾಜನಿಗೆ ಇಕ್ಕಟ್ಟು ಬಂದಾಗ ಕುದುರೆಯಂತೆ ಹಾರಿಸಿದೆ. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ತೀರ್ಪು ಕೊಡುವ ಮೇಷ್ಟ್ರು ರಾಜನನ್ನು ಹಿಂದಕ್ಕಿಡಿಸಿ, ಸರಿಯಾದ ನಿಯಮಗಳನ್ನು ಒಂದೊಂದಾಗಿ ಹೇಳಿ, ಇನ್ನೊಂದು ತಪ್ಪು ಮಾಡಿದರೆ ಹೊರಗೆ ಕಳಿಸುತ್ತೇನೆಂದರು. ಕಾಲಾಳು ಮೊದಲಿಗೆ ಎರಡು ಮನೆ ಹಾರಬಹುದಂತೆ. ತುದಿ ಮುಟ್ಟಿದರೆ ಬೇಕಾದ ಕಾಯಿ ಆಗಬಹುದಂತೆ. ಆ ಆಟವನ್ನೂ ಮುಂದಿನದನ್ನೂ ಹೇಗೋ ಗೆದ್ದೆ. ಆದರೆ ಊಟದ ಹೊತ್ತಿಗೆ ಸಿಟ್ಟು ನೆತ್ತಿಗೇರಿತ್ತು.

ಹೊರಗೆ ಹುಣಸೆಮರದ ಕೆಳಗೆ ತಾತ ರಾಗಿರೊಟ್ಟಿ, ಉಚ್ಚೆಳ್ಳು ಚಟ್ನಿ ಬಿಚ್ಚಿಟ್ಟುಕೊಂಡು ಕಾದಿದ್ದ. ನಾನು ರೊಟ್ಟಿ ಮುಟ್ಟಲಿಲ್ಲ.

“ನೀನ್ ಕಲ್ಸಿದ್ದೆಲ್ಲಾ ಸುಳ್ಳಾಟ. ಎಲ್ರೂ ನಗ್ತಾವ್ರೆ,” ಅಂದೆ.

ಊರಲ್ಲಿ ಬೇರೆ ಯಾರಾದರೂ ಹಾಗೆ ಅಂದಿದ್ದರೆ ಬಾಚಿ ಹಿಡಿದು ಏಳುತ್ತಿದ್ದ. ನಾನು ಅಂದದ್ದಕ್ಕೆ ಮುಖ ಮಾತ್ರ ಚಿಕ್ಕದಾಯಿತು. ಇಲ್ಲಿಯವರು ಹೇಗೆ ಆಡುತ್ತಾರೆಂದು ಕೇಳಿ, ಎಲ್ಲವನ್ನೂ ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡ.

“ಅಂಗಾದ್ರೆ ಅಂಗೇ ಆಡು. ಅವ್ರ ಮನೇಲಿ ಅವ್ರ ಮಾತೇ ನಡೀಬೇಕು. ನೋಡೋ ಕಣ್ಣು ನಿಂದೇ ಅಲ್ವಾ ಕಣಮ್ಮಿ?” ಅಂದ.

ಕೊನೆಯ ಆಟ ಪೇಟೆಯ ಹುಡುಗನೊಬ್ಬನ ಜೊತೆ. ಕೈಗೆ ವಾಚು ಕಟ್ಟಿಕೊಂಡು, ದುಡ್ಡು ಕೊಟ್ಟು ಚದುರಂಗ ಕಲಿತವನು. ನನ್ನ ಮಂತ್ರಿಯನ್ನು ಬೇಗನೆ ಹೊಡೆದು ಪಕ್ಕಕ್ಕಿಟ್ಟ. ನಾನು ಕಾಯಿ ಮುಟ್ಟುವ ಮೊದಲು ಉಸಿರು ಹಿಡಿದು ಕೂರುತ್ತಿದ್ದೆ. ಹಾಗೆ ತಡೆದು ತಡೆದು ನನ್ನ ಒಂದು ಕಾಲಾಳು ಆಚೆ ತುದಿಯ ಹತ್ತಿರಕ್ಕೆ ಬಂತು. ಅಷ್ಟರಲ್ಲಿ ಅವನೂ ನನ್ನ ರಾಜನನ್ನು ಮುತ್ತಿದ್ದ. ಇನ್ನೊಂದು ನಡೆ ಅವನಿಗೆ ಸಿಕ್ಕರೆ ನನ್ನ ಕಥೆ ಮುಗಿಯುತ್ತಿತ್ತು.

ಕಾಲಾಳನ್ನು ಕೊನೆಯ ಮನೆಗೆ ತಳ್ಳಿದೆ. ಅದು ಕುದುರೆಯ ಮನೆ. ಹುಡುಗ ದೊಡ್ಡಮನಸ್ಸು ಮಾಡಿದವನಂತೆ, ತಾನು ಹೊಡೆದಿಟ್ಟಿದ್ದ ನನ್ನ ಮಂತ್ರಿಯನ್ನು ಎತ್ತಿ ನನ್ನ ಕಡೆ ಚಾಚಿದ. ಯಾರಾದರೂ ಮಂತ್ರಿಯನ್ನೇ ತೆಗೆದುಕೊಳ್ಳುತ್ತಾರೆ. ನಾನು ಅವನ ಕೈ ಸರಿಸಿ, ಅವನೇ ಹೊಡೆದಿಟ್ಟಿದ್ದ ನನ್ನ ಕುದುರೆಯನ್ನು ಎತ್ತಿ ಆ ಮನೆಯಲ್ಲಿಟ್ಟೆ. ಯಾರೋ ಹಿಂದಿನಿಂದ, ಪಾಪ, ಮತ್ತೆ ಹಳ್ಳಿ ಆಟಕ್ಕೇ ಹೋದಳು ಅಂದರು.

“ಚೆಕ್,” ಅಂದೆ.

ಹುಡುಗ ನಗುತ್ತಲೇ ರಾಜನ ಕಡೆ ಕೈ ಚಾಚಿದ. ಒಂದು ಮನೆ ನೋಡಿದ, ಇನ್ನೊಂದು ನೋಡಿದ. ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಮೇಷ್ಟ್ರು ಬಗ್ಗಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ ನನ್ನ ಹೆಸರು ಬರೆದುಕೊಂಡರು. ಆ ಸಂತೋಷವನ್ನು ಹೇಗೆ ಹೇಳಲಿ! ನೆಲ ಕಾಲಿಗೆ ಸಿಗಲಿಲ್ಲ.

ಕಣ್ಣುಮುಚ್ಚಿ ಇಟ್ಟದ್ದಲ್ಲ, ನೋಡಿಯೇ ಇಟ್ಟದ್ದು. ಅವರೆಲ್ಲರ ಕಣ್ಣು ರೂಢಿಯಂತೆ ಮಂತ್ರಿಯ ಮೇಲಿತ್ತು. ಮೂರು ವರ್ಷ ಕುದುರೆ ಮನೆಗೆ ಬಂದ ಕಾಲಾಳನ್ನು ಕುದುರೆಯಾಗಿಯೇ ಆಡಿಸಿದ್ದ ನನಗೆ, ಅದು ಅಲ್ಲಿ ನಿಂತು ಏನು ಮಾಡಬಲ್ಲದೆಂದು ಬೇರೆಯವರಿಗಿಂತ ಮೊದಲೇ ಕಂಡಿತ್ತು. ಮಂತ್ರಿ ತೆಗೆದುಕೊಂಡಿದ್ದರೆ ಮುಂದಿನ ನಡೆಗೆ ಸೋಲುತ್ತಿದ್ದೆ.

ಓಡಿಹೋಗಿ ತಾತನಿಗೆ, ಕುದುರೆ ಮನೆಗೆ ಬಂತು, ಕುದುರೆಯನ್ನೇ ತೆಗೆದುಕೊಂಡು ಗೆದ್ದೆ ಅಂದೆ.

“ಮತ್ತಿನ್ನೇನ್ ತಗತಾರೆ?” ಅಂದ ತಾತ.

ಸುಳ್ಳಾಟ ಅಂದದ್ದಕ್ಕೆ ಅವನ ಪಂಚೆ ಹಿಡಿದು ಗೋಳೋ ಎಂದು ಅತ್ತೆ. ಗೆದ್ದವಳು ಯಾಕೆ ಅಳುತ್ತಾಳೆಂದು ಜನ ತಿರುಗಿ ನೋಡಿದರು. ಮಂಡ್ಯದಲ್ಲಿ ಎರಡನೇ ಸುತ್ತಿಗೇ ಸೋತೆ, ಆ ಮಾತು ಬೇಡ.

ಈಗ ಪಾಂಡವಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳುತ್ತೇನೆ. ಶನಿವಾರ ಮಕ್ಕಳ ಮುಂದೆ ಚದುರಂಗದ ಹಲಗೆ ಹಾಸುತ್ತೇನೆ. ಹತ್ತು ನಿಮಿಷ ಒಂದು ಕಡೆ ಕೂರದ ಪುಂಡರು ಗಂಟೆಗಟ್ಟಲೆ ಬಾಯಿಮುಚ್ಚಿ ಕೂರುತ್ತಾರೆ. ಸೋತು ಎದ್ದು, ಮತ್ತೆ ಕಾಯಿ ಜೋಡಿಸುತ್ತಾರೆ. ಇದಕ್ಕಿಂತ ದೊಡ್ಡ ಪಾಠ ನನ್ನ ಗಣಿತದಲ್ಲೂ ಇಲ್ಲ.

ಆದರೆ ಒಂದು ಲೆಕ್ಕ ತಪ್ಪಿತು. ಪಂದ್ಯ ಗೆದ್ದ ಜಂಬದಲ್ಲಿ ನಾನೇ ಕೊಟ್ಟಿಗೆಗೆ ಆಡಲು ಬರುತ್ತಿದ್ದವರಿಗೆಲ್ಲ ಪೇಟೆ ನಿಯಮ ಕಲಿಸಿದೆ. ತಾತನೂ ಕಲಿತು, ತಿಂಗಳೊಳಗೆ ಅದರಲ್ಲೂ ನನ್ನನ್ನು ಸೋಲಿಸಿದ. ಹಳೆಯ ಆಟವನ್ನು ಯಾರೂ ಮತ್ತೆ ಹೂಡಲಿಲ್ಲ. ತಾತ ಹೋಗಿ ಎಷ್ಟೋ ವರ್ಷವಾಯಿತು. ಅವನ ಆಟ ಈಗ ನನ್ನೊಬ್ಬಳಿಗೆ ಬರುತ್ತದೆ. ಚದುರಂಗಕ್ಕೆ ಇಬ್ಬರು ಬೇಕು.