ನನ್ನ ಹಿಂದೆ ಒಬ್ಬರು

ಮನುಷ್ಯನಿಗೆ ತನ್ನ ಮುಂದೆ ಎಷ್ಟು ಜನ ಇದ್ದರೂ ಚಿಂತೆಯಿಲ್ಲ, ಹಿಂದೆ ಒಬ್ಬರಿದ್ದರೆ ಸಾಕು. ಬೇಕಾದರೆ ನೀವೇ ಪರೀಕ್ಷಿಸಿ ನೋಡಿ. ಕರೆಂಟ್ ಬಿಲ್ ಕಟ್ಟುವ ಸಾಲಿನಲ್ಲಿ ಕೊನೆಗೆ ನಿಂತಾಗ ಆಗುವ ಚಡಪಡಿಕೆ, ಬೆನ್ನಿಗೆ ಇನ್ನೊಬ್ಬರು ಬಂದು ನಿಂತ ಕೂಡಲೇ ಇಳಿದುಹೋಗುತ್ತದೆ. ಸಾಲು ಒಂದಿಂಚೂ ಮುಂದೆ ಹೋಗಿರುವುದಿಲ್ಲ. ಆದರೂ ನಾವು ಏನೋ ಸಾಧಿಸಿದವರ ಹಾಗೆ ಹಿಂದೆ ತಿರುಗಿ, "ಇವತ್ತು ಸರ್ವರ್ ಡೌನ್ ಅಂತೆ ಕಣ್ರೀ" ಎಂದು ಮಾತಿಗೆ ತೊಡಗುತ್ತೇವೆ. ನನಗೆ ಈ ಸತ್ಯ ಪೂರ್ತಿ ಮನವರಿಕೆಯಾದದ್ದು ಮಾತ್ರ ಸೈಕಲ್ಲಿನ ಮೇಲೆ.

ನನ್ನ ಸಹಿಗಾಗಿ ಬಾಗಿಲ ಹೊರಗೆ ಜನ ಕಾಯುತ್ತಿದ್ದ ಕಾಲವೊಂದಿತ್ತು. ನಿವೃತ್ತನಾದ ಮೇಲೆ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ನನಗಾಗಿ ಕಾಯುವುದು ಒಲೆಯ ಮೇಲಿನ ಹಾಲು ಒಂದೇ. ಅದೂ ನಾನು ಅತ್ತ ಮುಖ ತಿರುಗಿಸುವುದನ್ನೇ ಕಾಯುತ್ತದೆ, ಉಕ್ಕುವುದಕ್ಕೆ. ಹೀಗೆ ಕೂತಲ್ಲೇ ಕೂತು ಸಕ್ಕರೆ ಏರಿಸಿಕೊಂಡಾಗ, ನನ್ನ ಹೆಂಡತಿ ಗಿರಿಜೆ ಮಾರ್ಕೆಟ್ಟಿಗೆ ಹೋದಳು ಎಂದುಕೊಂಡರೆ ಒಂದು ಸೈಕಲ್ ತಂದು ನಿಲ್ಲಿಸಿದಳು. ಭಾನುವಾರದ ಸೈಕಲ್ ಕ್ಲಬ್ಬಿಗೆ ನನ್ನ ಹೆಸರನ್ನೂ ಕೊಟ್ಟು ಬಂದಿದ್ದಳು.

ಎಲ್ಲರೂ ಬರಬಹುದಾದ ಕ್ಲಬ್ಬು ಅದು. ಚಾಮುಂಡಿ ಬೆಟ್ಟವನ್ನು ಉಸಿರು ಬಿಡದೆ ಹತ್ತುವವರೂ ಇದ್ದಾರೆ, ಹಿಂದಿನ ಬ್ರೇಕು ಯಾವ ಕೈಯಲ್ಲಿದೆ ಎಂದು ಯೋಚಿಸಿ ಹಿಡಿಯುವ ನನ್ನಂಥವರೂ ಇದ್ದಾರೆ. ಬೆಳಕು ಹರಿಯುವ ಹೊತ್ತಿಗೆ ಕುಕ್ಕರಹಳ್ಳಿ ಕೆರೆಯ ಬಳಿ ಸೇರಿ, ಲಲಿತಮಹಲ್ ರಸ್ತೆ ಹತ್ತಿ, ವರುಣದ ದಾರಿಯಲ್ಲಿರುವ ಒಂದು ಸಣ್ಣ ಹೋಟೆಲಿನವರೆಗೆ ಹೋಗುವುದು ವಾಡಿಕೆ. ಅಲ್ಲಿ ಒಂದು ಕಟ್ಟಳೆಯಿದೆ. ಮೊದಲು ಮುಟ್ಟಿದವರು ಇಡ್ಲಿ ತಿನ್ನಬಹುದು, ಆದರೆ ಕೊನೆಯ ಸೈಕಲ್ ಬರುವವರೆಗೆ ಯಾರಿಗೂ ಕಾಫಿ ಇಲ್ಲ. ಹೋಟೆಲಿನವನೂ ಇದಕ್ಕೆ ಒಗ್ಗಿಹೋಗಿದ್ದಾನೆ. ಕಾಫಿ ಎಂದರೆ, "ಎಲ್ಲಾರೂ ಬಂದ್ಬುಟ್ರಾ ಸಾರ್?" ಎಂದು ರಸ್ತೆಯ ಕಡೆ ನೋಡುತ್ತಾನೆ.

ನನಗೆ ಇದು ಹೊಸದೇನಲ್ಲ. ನಾನು ಮಠದ ಹಾಸ್ಟೆಲಿನಲ್ಲಿ ಓದಿದವನು. ಅಲ್ಲಿ ಪಂಕ್ತಿಯಲ್ಲಿ ಕೂತ ಮೇಲೆ ಕೊನೆಯವನು ಮಜ್ಜಿಗೆ ಅನ್ನ ಮುಗಿಸುವವರೆಗೆ ಯಾರೂ ಏಳುವ ಹಾಗಿಲ್ಲ. ಆ ಕೊನೆಯವನು ಯಾವಾಗಲೂ ನಾನೇ. ಇಡೀ ಸಾಲು ಒಣಗಿದ ಕೈ ಹಿಡಿದುಕೊಂಡು ನನ್ನ ಎಲೆಯನ್ನೇ ನೋಡುತ್ತಿದ್ದಾಗ ನನ್ನ ಊಟ ಇನ್ನೂ ನಿಧಾನವಾಗುತ್ತಿತ್ತು. ಆ ನೆನಪಿನಿಂದಾಗಿ, ಎಷ್ಟೋ ಜನರ ಕಾಫಿಯನ್ನು ತಡೆದು ನಿಲ್ಲಿಸುವ ಪಾಪ ನನ್ನ ತಲೆಗೆ ಬರಬಾರದು ಎಂಬ ಅಳುಕು ಮೊದಲ ದಿನದಿಂದಲೇ ಇತ್ತು.

ದೇವರು ದೊಡ್ಡವನು, ನನ್ನ ಹಿಂದೆ ಮಂಗಳಾ ಇದ್ದರು.

ಮಂಗಳಾ ಅಶೋಕಪುರಂನವರು, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಯಸ್ಸು ನಲವತ್ತರ ಆಚೀಚೆ. ಪಾಪ, ಎಷ್ಟು ತುಳಿದರೂ ನನ್ನನ್ನು ದಾಟಲು ಅವರಿಂದ ಆಗುತ್ತಿರಲಿಲ್ಲ. ನಾನು ಏರಿನಲ್ಲಿ ಇಳಿದು ತಳ್ಳಿದರೆ ಅವರೂ ಇಳಿದು ತಳ್ಳುತ್ತಿದ್ದರು. ನಾನು ನೀರು ಕುಡಿಯಲು ನಿಂತರೆ ಅವರಿಗೂ ಬಾಯಾರಿಕೆ. ಅವರ ಕಷ್ಟ ನೋಡಲಾರದೆ ನಾನೇ ಎಷ್ಟೋ ಸಲ ವೇಗ ತಗ್ಗಿಸಿದ್ದುಂಟು. "ಅವಸರ ಮಾಡ್ಬೇಡಿ ಮೇಡಂ, ನಾನಿದ್ದೀನಿ" ಎಂದು ಧೈರ್ಯ ಹೇಳಿದ್ದುಂಟು. ಸೀಟು ಸ್ವಲ್ಪ ಎತ್ತರಿಸಿಕೊಳ್ಳಿ ಎಂದು ಸಲಹೆ ಕೊಟ್ಟೆ, ಎತ್ತರಿಸಿಕೊಂಡರು. ಮಂಡಿ ನೋವೇನಾದರೂ ಇದೆಯೇ ಎಂದರೆ, ಒಂದು ಕ್ಷಣ ಯೋಚಿಸಿ, "ಮನೇಲಿ ಎಲ್ಲಾರಿಗೂ ಇದೆ ಸಾರ್" ಎಂದರು. ಮನೆಯಲ್ಲಿ ಇದನ್ನು ಹೇಳಿದ್ದೇ ತಡ, ಗಿರಿಜೆ ಒಂದು ಬಾಟಲಿ ಮಹಾನಾರಾಯಣ ತೈಲ ಕಟ್ಟಿಕೊಟ್ಟಳು. ಮಂಗಳಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಅಷ್ಟಕ್ಕೇ ಬಿಟ್ಟೆನೇ? ಒಂದು ಭಾನುವಾರ ಹೋಟೆಲಿನಲ್ಲಿ ಅವರು ಕೈ ತೊಳೆಯಲು ಹೋದಾಗ, ನಮ್ಮ ಕ್ಯಾಪ್ಟನ್ ಹುಡುಗ ಚೇತನ್‌ಗೆ ಎಲ್ಲರ ಎದುರಿಗೇ ಹೇಳಿದೆ: "ನೋಡಪ್ಪಾ, ಮೇಡಂ ತಡವಾಗಿ ಬರ್ತಾರೆ ಅಂತ ಯಾರೂ ಬೇಜಾರು ಮಾಡ್ಕೋಬಾರದು. ಕಾಫಿಗೆ ಅವರನ್ನ ಕಾಯೋದು ಕಷ್ಟ ಅಂದ್ರೆ ನನಗೆ ಹೇಳಿ, ಅವರನ್ನ ನಾನೇ ಬೇರೆ ಕರ್ಕೊಂಡ್ ಬರ್ತೀನಿ." ಎಲ್ಲರೂ ತಟ್ಟೆಯಲ್ಲಿ ಉಳಿದ ಚಟ್ನಿಯನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. "ಆಗ್ಲಿ ಸಾರ್" ಎಂದ ಚೇತನ್. ನನ್ನ ಮಾತು ಅವರ ಮನಸ್ಸಿಗೆ ನಾಟಿತು ಎಂದು ನನಗೆ ಸಮಾಧಾನವಾಯಿತು.

ಮುಂದೆ ಒಂದು ಶುಕ್ರವಾರ ಬೆಳ್ಳಂಬೆಳಗ್ಗೆ ಗಿರಿಜೆಯ ಹರಕೆಗೆಂದು ಬಸ್ಸಿನಲ್ಲಿ ಬೆಟ್ಟಕ್ಕೆ ಹೊರಟೆವು. ಒಂದು ತಿರುವಿನಲ್ಲಿ ಎದುರಿಗೆ ಬಂದ ಗಾಡಿಗೆ ದಾರಿ ಬಿಡಲು ಬಸ್ಸು ನಿಂತಿತು. ಆಗ ಕಿಟಕಿಯ ಪಕ್ಕದಲ್ಲೇ ಒಂದು ಸೈಕಲ್ಲು ಸುಂಯ್ ಎಂದು ಮೇಲೆ ಹೋಯಿತು. ಹೋಗುತ್ತಾ ಹೋಗುತ್ತಾ, "ನಮಸ್ಕಾರ ಸಾರ್!" ಎಂದಿತು. ನೋಡಿದರೆ ಮಂಗಳಾ! ಏದುಸಿರಿಲ್ಲ, ಹಣೆಯಲ್ಲಿ ಬೆವರಿಲ್ಲ.

"ಯಾರ್ರೀ ಅದು?" ಎಂದಳು ಗಿರಿಜೆ.

"ಅವರೇ ಕಣೇ, ಮಂಡಿ ನೋವಿನ ಮೇಡಂ. ನಮ್ಮ ಕ್ಲಬ್ಬಲ್ಲಿ ಕೊನೆಯವರು."

"ಕೊನೆಯವರೇ ಹಿಂಗಾದ್ರೆ, ಮೊದಲನೆಯವರು ಹೆಂಗಿರ್ಬೋದು!" ಎಂದವಳು ನನ್ನ ಮುಖ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದೇವಸ್ಥಾನದಲ್ಲಿ ಕೈ ಮುಗಿದು ನಿಂತರೂ ನನಗೆ ಕಾಣುತ್ತಿದ್ದದ್ದು ಆ ಚಟ್ನಿಯ ತಟ್ಟೆಗಳೇ. ಇಷ್ಟು ತಿಂಗಳು ಆ ಜನವೆಲ್ಲ ಕಾಫಿ ಬಿಟ್ಟು ಕೂತದ್ದು ನನಗಾಗಿ. ಮತ್ತೆ ಅದೇ ಪಂಕ್ತಿ, ಅದೇ ಒಣಗಿದ ಕೈಗಳು. ಶಾಲೆಯ ಕ್ರೀಡಾಕೂಟದಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇರುತ್ತಿತ್ತು, ನೆನಪಿದೆಯೇ? ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಬಂದವನಿಗೇ ಬಹುಮಾನ. ಬೆಟ್ಟ ಹತ್ತುವ ಕಾಲಿಟ್ಟುಕೊಂಡು ನನ್ನ ಬೆನ್ನ ಹಿಂದೆ ಆ ಹೆಣ್ಣುಮಗಳು ತಿಂಗಳುಗಟ್ಟಲೆ ಆ ಸ್ಪರ್ಧೆ ನಡೆಸಿದ್ದರು. ಸೀಟು ಬೇರೆ ಎತ್ತರಿಸಿಕೊಂಡಿದ್ದರು!

ಇನ್ನು ಹೋಗುವುದಿಲ್ಲ ಎಂದು ತೀರ್ಮಾನಿಸಿದೆ. ಹೇಳುವುದು ಸುಲಭ. ಭಾನುವಾರ ಬಂತು, ಹೊದಿಕೆ ಎಳೆದುಕೊಂಡು ಮಲಗಿದೆ, ನಿದ್ದೆ ಮಾತ್ರ ಬರಲಿಲ್ಲ. ಆ ಒಂದು ಬೆಳಗ್ಗೆಯನ್ನೂ ಬಿಟ್ಟುಕೊಟ್ಟರೆ ವಾರದಲ್ಲಿ ನನ್ನದು ಎಂದು ಇನ್ನೇನೂ ಉಳಿಯುವುದಿಲ್ಲ ಎಂದು ಆಗ ಹೊಳೆದು, ನಿಜವಾಗಿ ದುಃಖವಾಯಿತು.

ಬಿಸಿಲೇರುವ ಹೊತ್ತಿಗೆ ಗೇಟಿನ ಸದ್ದಾಯಿತು. ಮಂಗಳಾ ಖಾಲಿ ಬಾಟಲಿ ಹಿಡಿದು ನಿಂತಿದ್ದರು.

"ಅಮ್ಮನ ಮಂಡಿಗೆ ಹಚ್ದೆ ಸಾರ್, ಎಷ್ಟೋ ವಾಸಿ. ಇನ್ನೊಂದು ಬಾಟ್ಲಿ ಇದ್ರೆ ಕೇಳೋಣ ಅಂತ ಬಂದೆ. ಇವತ್ಯಾಕೆ ಬರ್ಲಿಲ್ಲ?"

ನಾನು ನೆಲ ನೋಡಿದೆ. "ನಿಮಗೆಲ್ಲ ತೊಂದರೆ ಕೊಟ್ಟುಬಿಟ್ಟೆ ಮೇಡಂ."

ಮಂಗಳಾ ಕಟ್ಟೆಯ ಮೇಲೆ ಕೂತರು. "ನಂಗೆ ಆಪರೇಷನ್ ಆದ ವರ್ಷ ನಾನೇ ಕೊನೆ ಸಾರ್. ನನ್ನ ಹಿಂದೆ ಚೇತನ್ ಬರ್ತಿದ್ರು. ಕೊನೆಯವರ ಹಿಂದೆ ಯಾರಾದ್ರೂ ಒಬ್ರು ಇರ್ಲೇಬೇಕು, ಅದನ್ನ ಅವರಿಗೆ ಹೇಳ್ಬಾರ್ದು, ಅಷ್ಟೇ ನಮ್ಮ ಕ್ಲಬ್ಬಿನ ಪದ್ಧತಿ. ಪಾಪ, ವಯಸ್ಸಿಗೆ ಬಂದ ಹುಡುಗ, ಮೈಯಲ್ಲಿ ಶಕ್ತಿನೇ ಇಲ್ವಲ್ಲ ಅಂತ ನಾನು ಅವರಿಗೆ ವಾರವಾರ ಗ್ಲೂಕೋಸ್ ಪುಡಿ ತಂದ್ಕೊಡ್ತಿದ್ದೆ. ಅವರೂ ಕುಡೀತಿದ್ರು."

ಒಳಗಿನಿಂದ ಗಿರಿಜೆ ನಕ್ಕದ್ದು ಕೇಳಿಸಿತು. ನನಗೂ ನಗು ತಡೆಯಲಾಗಲಿಲ್ಲ.

"ಮತ್ತೆ, ಇವತ್ತು ನಮಗ್ಯಾರಿಗೂ ಕಾಫಿ ಆಗ್ಲಿಲ್ಲ," ಎಂದರು ಮಂಗಳಾ ಏಳುತ್ತಾ. "ಹೋಟೆಲಿನವನು ಕೊಡ್ಲಿಲ್ಲ. ಆ ಸಾರ್ ಇನ್ನೂ ಬಂದಿಲ್ವಲ್ಲ ಅಂತ ರಸ್ತೆ ನೋಡ್ಕೊಂಡು ನಿಂತ್ಬುಟ್ಟ."

ಅಷ್ಟು ವರ್ಷ ನನ್ನ ಬಾಗಿಲಲ್ಲಿ ಕಾದವರು ಕಾದದ್ದು ಸಹಿಗಾಗಿ, ಸಿಕ್ಕಿದ ಮೇಲೆ ಹಿಂತಿರುಗಿ ನೋಡದೆ ಹೋಗುತ್ತಿದ್ದರು. ನನ್ನಿಂದ ಏನೂ ಆಗಬೇಕಿಲ್ಲದ ಜನ ಬಾಯಾರಿಕೊಂಡು ನನ್ನ ದಾರಿ ನೋಡಿದರು ಎಂದಾಗ ಕಣ್ಣು ತುಂಬಿ ಬಂತು. ಗಿರಿಜೆ ಒಳಗಿಂದ ಕಾಫಿಯನ್ನೂ ತೈಲವನ್ನೂ ಒಟ್ಟಿಗೆ ತಂದಳು.

ಈಗ ಕ್ಲಬ್ಬಿಗೆ ಮಂಡಿ ಮೊಹಲ್ಲಾದ ಇಕ್ಬಾಲ್ ಸಾಹೇಬರು ಸೇರಿದ್ದಾರೆ. ಹುಣಸೆಹಣ್ಣು, ಖರ್ಜೂರದ ಸಗಟು ವ್ಯಾಪಾರಿ, ಧಾರಾಳ ಮನಸ್ಸು, ಅದಕ್ಕೆ ತಕ್ಕ ಮೈ. ಅವರು ಬಂದ ದಿನ ಚೇತನ್ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಇನ್ಮೇಲೆ ಕೊನೇಲಿ ನೀವೇ ಇರ್ಬೇಕು. ನಾವಾದ್ರೆ ನಿಧಾನ ಹೋಗೋ ಹಾಗೆ ನಟಿಸ್ಬೇಕು. ನಿಮಗಾದ್ರೆ ಅದು ತಾನಾಗೇ ಬರುತ್ತೆ" ಎಂದ. ನನ್ನ ಸರ್ವೀಸಿನಲ್ಲಿ ಸಿಕ್ಕ ಯಾವ ಬಡ್ತಿಯೂ ನನಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.

ಮೂರನೆಯ ವಾರ ಲಲಿತಮಹಲ್ ಏರಿನಲ್ಲಿ ಸಾಹೇಬರು ಸೈಕಲ್ ನಿಲ್ಲಿಸಿ ಹಿಂದೆ ತಿರುಗಿದರು. ಮುಖದಲ್ಲಿ ಬೆವರು, ಕಣ್ಣಲ್ಲಿ ಕರುಣೆ. "ಮಂಡಿ ನೋವಾ ಸಾರ್? ನಿಧಾನಕ್ಕೆ ಬನ್ನಿ, ನಾನಿದ್ದೀನಲ್ಲ" ಎಂದು ಜೇಬಿನಿಂದ ಒಂದು ಹಿಡಿ ಖರ್ಜೂರ ತೆಗೆದು ನನ್ನ ಕೈಗಿಟ್ಟರು. ಸಕ್ಕರೆ ಕಾಯಿಲೆಯ ಮಾತು ಬಾಯಿಗೆ ಬಂದರೂ ನುಂಗಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡೆ.

ಹೋಟೆಲು ಮುಟ್ಟಿದ ಕೂಡಲೇ ಅವರು ಚೇತನ್‌ಗೆ, "ನಮ್ಮ ಸಾರಿಗೆ ಮೊದ್ಲು ಕಾಫಿ ಕೊಡ್ಸಿ, ಪಾಪ, ಭಾಳ ಸುಸ್ತಾಗಿದಾರೆ. ಅವರು ತಡ ಅಂತ ಯಾರೂ ಏನೂ ಅನ್ಬೇಡಿ" ಎಂದರು. ಎಲ್ಲರೂ ತಟ್ಟೆಯ ಚಟ್ನಿ ನೋಡತೊಡಗಿದರು. ಮಂಗಳಾ ಅಂತೂ ತಲೆಯನ್ನೇ ಎತ್ತಲಿಲ್ಲ. ಮೊದಲ ಲೋಟ ನನ್ನ ಕೈಗೆ ಬಂತು, ಕುಡಿದೆ. ಸುಳ್ಳು ಯಾಕೆ ಹೇಳಲಿ, ಮಂಡಿ ನಿಜವಾಗಿಯೂ ಸ್ವಲ್ಪ ನೋಯುತ್ತಿತ್ತು.